ಚುಚ್ಚದ ಮೊಟ್ಟೆ

ಕರೀಮ್ ಸಾಬರ ಮನೆಯಿಂದ ಸೂಜಿ ಮುಟ್ಟದ ಮೊಟ್ಟೆ ಹೊರಗೆ ಹೋದದ್ದೇ ಇಲ್ಲ. ಅವರ ಅಜ್ಜನ ಕಾಲದಿಂದ ನಡೆದು ಬಂದ ಕಟ್ಟಳೆ ಅದು. ಕಾಳಗಕ್ಕೆಂದು ಸಾಕುವ ಅಸೀಲ್ ತಳಿಯ ಹೇಂಟೆಯನ್ನು ಮಾರಕೂಡದು, ಹುಂಜವನ್ನು ಯಾರ ಮನೆಗೂ ಕಳಿಸಕೂಡದು, ಮೊಟ್ಟೆ ಕೊಡಲೇಬೇಕಾಗಿ ಬಂದರೆ ಅದರ ಬುಡಕ್ಕೆ ಸೂಜಿ ಇಳಿಸಿ ಒಂದು ತೂತು ಮಾಡಿ ಕೊಡಬೇಕು. ತಿನ್ನುವವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಗುಟ್ಟಾಗಿ ಕಾವಿಗಿಟ್ಟು ಮರಿ ಮಾಡಿಕೊಳ್ಳೋಣ ಎನ್ನುವವರಿಗೆ ಮಾತ್ರ ಕೊಳೆತ ನಾತವೇ ಗತಿ. ಸಾಬರ ತಂದೆಯ ಕಾಲದಲ್ಲಿ ಒಮ್ಮೆ ಚುಚ್ಚದ ಮೊಟ್ಟೆಯೊಂದು ಹೇಗೋ ಮಧುಗಿರಿ ಸೇರಿ, ಅಲ್ಲಿ ಹುಂಜವಾಗಿ ಬೆಳೆದು, ತಿರುಗಿ ಬಂದು ಇದೇ ಮನೆಯ ಹುಂಜವನ್ನು ಕಣದಲ್ಲಿ ಕೆಡವಿತಂತೆ. ಆ ಕಥೆಯನ್ನು ಸಾಬರು ತಾವೇ ಪೆಟ್ಟು ತಿಂದವರ ಹಾಗೆ ಇವತ್ತಿಗೂ ಹೇಳುತ್ತಿದ್ದರು.

ಸೂಜಿಯ ಕೆಲಸ ಅವರ ಹೆಂಡತಿ ಅಖ್ತರ್ ಬೇಗಮ್ಮರದು. ಮದುವೆಯಾಗಿ ಬಂದ ವರ್ಷ ಅತ್ತೆ ಕೈಗೆ ಕೊಟ್ಟ ತಗಡಿನ ಡಬ್ಬಿ, ಅದರೊಳಗಿನ ಸೂಜಿ, ಎರಡನ್ನೂ ಈಗಲೂ ಸೊಂಟದ ಚೀಲದಲ್ಲೇ ಇಟ್ಟುಕೊಂಡು ಓಡಾಡುವ ಹೆಂಗಸು. ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರ ಮುಖ ಕೂಡ ಮಬ್ಬಾಗಿದ್ದರೂ ಡಬ್ಬಿಯನ್ನು ಸೊಸೆಯ ಕೈಗೆ ದಾಟಿಸಿರಲಿಲ್ಲ.

“ದುಲ್ಹನ್, ನನ್ನ ಸೂಜಿ ಎಲ್ಲಿ?”

“ನಿಮ್ಮ ಕೈಯಾಗೇ ಐತಲ್ಲ ಅತ್ತೆ.”

ಎದುರು ಮನೆಯ ಕದರಮ್ಮ ಮೊಮ್ಮಗನ ಕೆಮ್ಮಿಗೆಂದು ಮೊಟ್ಟೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳು ನಕ್ಕಳು. “ಚುಚ್ಚಿ ಕಣಮ್ಮ, ಚೆನ್ನಾಗಿ ಚುಚ್ಚಿ. ಇಲ್ದಿದ್ರೆ ನನ್ನ ಮೊಮ್ಮಗನ ಹೊಟ್ಟೇಲೇ ಮರಿ ಎದ್ದಾತು!”

ಸೊಸೆ ಅಮೀರುನ್ನೀಸಾಗೆ ನಗು ಬರಲಿಲ್ಲ. ಆ ಮೊಟ್ಟೆ ಅಸೀಲ್ ಕೋಳಿಯದಲ್ಲ, ಅವಳ ಸ್ವಂತ ಬಿಳಿ ಕೋಳಿಯದು.

ಹೊಸ ಪೈಸೆ ಚಲಾವಣೆಗೆ ಬಂದು ಕೆಲವು ವರ್ಷವಾಗಿದ್ದ ಕಾಲ ಅದು. ಬ್ಲಾಕ್ ಆಫೀಸಿನವರು ಊರೂರಿಗೆ ಹೊಸ ಬೀಜ, ಹೊಸ ಹೋರಿ, ಹೊಸ ಕೋಳಿ ಹಂಚುತ್ತಿದ್ದರು. ಗ್ರಾಮಸೇವಕಿ ಬಸವಮ್ಮ ಶಿರಾದ ಮಸೀದಿ ಬೀದಿಗೂ ಬಂದು, ಯಾರೂ ಮುಂದೆ ಬರದಿದ್ದಾಗ ಅಮೀರುನ್ನೀಸಾಳ ಕೈಗೆ ನಾಲ್ಕು ಬಿಳಿ ಹೇಂಟೆ ಕೊಟ್ಟು ಹೋಗಿದ್ದಳು. ದಿನ ಬಿಡದೆ ಮೊಟ್ಟೆಯಿಡುವ ಜಾತಿ. ಕಾವಿಗೆ ಮಾತ್ರ ಕೂರುವುದೇ ಇಲ್ಲ. ಮೊಟ್ಟೆ ಇಟ್ಟು ಕೊಕ್ಕೋ ಎಂದು ಊರಿಗೆಲ್ಲ ಸಾರಿ, ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದವು. “ತಾಯಿತನ ಇಲ್ಲದ ಬೇಶರಮ್ ಮುಂಡೇವು,” ಎಂದು ಅಖ್ತರ್ ಬೇಗಂ ಅವಕ್ಕೆ ಹೆಸರಿಟ್ಟಿದ್ದರು.

ಆ ಕೋಳಿಗಳು ಮನೆಗೆ ಬಂದ ದಿನವೇ ಕರೀಮ್ ಸಾಬರು ಹಿತ್ತಲಿಗೆ ಅಡ್ಡಲಾಗಿ ತಡಿಕೆ ಕಟ್ಟಿಸಿದರು. ಈಚೆಗೆ ಬಿಳಿ ಕೋಳಿ, ಆಚೆಗೆ ಅವರ ಅಸೀಲ್. ಅಸೀಲ್ ಎಂದರೆ ಈಗ ಉಳಿದದ್ದು ಎರಡೇ ಜೀವ. ಹೋದ ಬೇಸಿಗೆಯ ಕೊಕ್ಕರೆ ರೋಗದಲ್ಲಿ ಉಳಿದವೆಲ್ಲ ಕತ್ತು ತಿರುಚಿಕೊಂಡು ಸತ್ತಿದ್ದವು. ನವಾಬ ಎಂಬ ಹುಂಜ, ಒಂದು ಮುದಿ ಹೇಂಟೆ, ಅಷ್ಟೇ. ನವಾಬನ ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಅದೂ ಸಾಲದೆಂದು ಬಿಳಿ ಕೋಳಿಯ ಮೊಟ್ಟೆಗೂ ಸೂಜಿಯ ಅಪ್ಪಣೆಯಾಯಿತು. ಹುಂಜ ಯಾವಾಗ ತಡಿಕೆ ಹಾರಿತೋ ಹೇಳುವವರು ಯಾರು?

“ಯಾವ್ದಾದ್ರೂ ಹುಂಜ ಸೇರ್ಸಿ ಮರಿ ಮಾಡೋಕ್ಕೆ ಅಂತ್ಲೇ ಬಸವಮ್ಮ ಕೊಟ್ಟಿರೋದು. ಚುಚ್ಚಿದ ಮೊಟ್ಟೆ ಇಟ್ಕೊಂಡು ನಾನೇನು ಮಾಡ್ಲಿ?” ಎಂದು ಅಮೀರುನ್ನೀಸಾ ಊಟಕ್ಕೆ ಬಡಿಸುತ್ತಲೇ ಜಗಳ ತೆಗೆದಳು.

“ಆಮ್ಲೆಟ್ ಮಾಡು,” ಎಂದರು ಸಾಬರು.

ಆ ಮನೆಯಲ್ಲಿ ಮಾತುಕತೆ ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಏಕೆಂದರೆ ಜಗಳವಾಡುತ್ತಿದ್ದವಳು ಅಮೀರುನ್ನೀಸಾ ಒಬ್ಬಳೇ, ಅವಳಿಗೆ ಸಿಟ್ಟು ಬಂದರೆ ಉರ್ದು ಕೈಕೊಡುತ್ತಿತ್ತು. ಪಾವಗಡದ ಕಡೆ ಬಲಸಮುದ್ರದಲ್ಲಿ ಹತ್ತಿ ಹಿಂಜುವ ಪಿಂಜಾರರ ಮಗಳು ಅವಳು. ಕಡಲೆಕಾಯಿ ಮಿಲ್ಲಿನ ತೂಕದ ಕೆಲಸದಲ್ಲಿದ್ದ ಸಾಬರ ಮಗ ಅಬ್ದುಲ್ ರಶೀದ್ ಆ ಕಡೆ ಕಾಯಿ ಕೊಳ್ಳಲು ಹೋದವನು ಇವಳನ್ನು ನೋಡಿ ಬಂದು, ಮದುವೆಯಾದರೆ ಇವಳನ್ನೇ ಎಂದು ಅನ್ನ ನೀರು ಬಿಟ್ಟು ಕೂತಿದ್ದ. ಹೆತ್ತ ತಪ್ಪಿಗೆ ಸಾಬರು ಒಪ್ಪಿದರು. ಒಪ್ಪಿದ್ದಷ್ಟೇ, ನುಂಗಿಕೊಂಡಿರಲಿಲ್ಲ. “ಕೋಳಿಗೇ ಇಷ್ಟು ತಳಿ ನೋಡ್ತೀನಿ. ಸೊಸೆ ತರುವಾಗ ಕಣ್ಣು ಮುಚ್ಚಿಕೊಂಡೆ,” ಎಂದು ತಮ್ಮ ವ್ಯಾಪಾರದ ಮಂಡಿಯಲ್ಲಿ ಅವರು ಹೇಳಿದ್ದು ಮನೆಯವರೆಗೂ ಬಂದಿತ್ತು.

ಅವರು ತಳಿ ನೋಡುತ್ತಿದ್ದದ್ದು ನಿಜ. ಹುಂಜದ ಜುಟ್ಟು ಬಟಾಣಿಯಷ್ಟೇ ಇರಬೇಕು, ಕಣ್ಣು ಮುತ್ತಿನ ಬಣ್ಣ, ಕಾಲು ದಪ್ಪ. ಎಲ್ಲಕ್ಕಿಂತ ಹೆಚ್ಚಾಗಿ, ಕಣದಲ್ಲಿ ಬೆನ್ನು ತೋರಿಸಕೂಡದು. ಒಂದು ಸಲ ತಿರುಗಿದ ಹುಂಜ ಅವತ್ತೇ ಸಾರಿಗೆ. ತಿರುಗದೆ ನಿಂತವುಗಳಿಂದಲೇ ಮರಿ ತೆಗೆದು ತೆಗೆದು, ಮೂರು ತಲೆಮಾರು ಈ ಮನೆಯ ಗಂಡಸರು ಕಟ್ಟಿದ ತಳಿ ಅದು. ಮುದಿ ಹೇಂಟೆ ಬಹಳ ದಿನದ ಮೇಲೆ ಮೊಟ್ಟೆಯಿಡಲು ಶುರು ಮಾಡಿದಾಗ ಸಾಬರ ಸಂತೋಷ ನೋಡುವ ಹಾಗಿತ್ತು. ಮೊಟ್ಟೆಗಳನ್ನು ಒಂದೊಂದಾಗಿ ಅಡುಗೆಮನೆಯ ಗೋಡೆಗೂಡಿನ ಬುಟ್ಟಿಯಲ್ಲಿ ಹೊಟ್ಟಿನ ಮೇಲೆ ಕೂಡಿಟ್ಟು, ಸಾಕಷ್ಟಾದ ಮೇಲೆ ಹಿತ್ತಲ ಗೂಡಿನಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿ, “ಇದು ಇದರ ಕೊನೇ ಕಾವು. ಇದರಲ್ಲಿ ಒಂದು ಹೆಣ್ಣು ಮರಿ ಬಂದರೆ ತಳಿ ಉಳೀತು, ಇಲ್ಲದಿದ್ದರೆ ನನ್ನ ಜೊತೆಗೇ ಮುಗೀತು,” ಎಂದರು.

ಒಂದೂ ಒಡೆಯಲಿಲ್ಲ.

ಗಡುವು ಕಳೆದು ನಾತ ಬರತೊಡಗಿದ ಮೇಲೆ ಸಾಬರು ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟರು. ಮೊಟ್ಟೆ ತೆಗೆದು ತಿಪ್ಪೆಗೆ ಹಾಕುವ ಕೆಲಸ ಸೊಸೆಯ ಪಾಲಿಗೆ ಬಂತು. ಬಸುರಿ ಹೊಟ್ಟೆ ಹಿಡಿದುಕೊಂಡು, ಮೂಗಿಗೆ ಸೆರಗು ಕಟ್ಟಿ, ಮೊದಲನೇ ಮೊಟ್ಟೆ ಎತ್ತಿದವಳು ಹಾಗೇ ನಿಂತಳು. ಬುಡದಲ್ಲಿ ಸಣ್ಣ ಕರಿ ಚುಕ್ಕೆ. ಎರಡನೆಯದಕ್ಕೂ ಇತ್ತು. ಎಲ್ಲಕ್ಕೂ ಇತ್ತು.

ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು, ಕಲ್ಲಿಗಿಂತ ಅಕ್ಕಿಯನ್ನೇ ಹೆಚ್ಚು ಎಸೆಯುತ್ತ. ಅಮೀರುನ್ನೀಸಾ ಒಂದು ಮೊಟ್ಟೆಯನ್ನು ಅವರ ಕೈಗಿಟ್ಟು, ಬೆರಳು ಹಿಡಿದು ತೂತಿನ ಮೇಲೆ ಇಟ್ಟಳು.

“ಗೋಡೆಗೂಡಲ್ಲಿ ಎರಡು ಬುಟ್ಟಿ ಇದ್ವು ಅತ್ತೆ. ಒಂದು ನನ್ನದು, ಒಂದು ಮಾವನದು.”

ಅಖ್ತರ್ ಬೇಗಮ್ಮರ ಬೆರಳು ತೂತನ್ನು ಮತ್ತೆ ಮತ್ತೆ ಸವರಿತು. “ಯಾ ಅಲ್ಲಾ… ನಾನಾ? ನನ್ನ ಕೈಯಾರೆ?”

“ಇನ್ಯಾರು ಚುಚ್ತಾರೆ ಈ ಮನೇಲಿ?”

“ಅವರಿಗೆ ಹೇಳಬೇಡ ದುಲ್ಹನ್. ಈ ವಯಸ್ಸಲ್ಲಿ ನನ್ನನ್ನ ಮಾತಾಡಿಸೋದೇ ಬಿಟ್ಟುಬಿಡ್ತಾರೆ.”

“ಹೇಳೋದು ನಿಮ್ಮ ಕೆಲಸ, ನನ್ನದಲ್ಲ. ಆದ್ರೆ ನಿಮ್ಮ ಪಾಲಿನ ಬೈಗುಳ ನಾನು ಎಷ್ಟು ದಿನ ತಿನ್ಲಿ, ಅದನ್ನ ನೀವೇ ನೋಡ್ಕಳಿ.”

ಬೈಗುಳ ಅದೇ ಮಧ್ಯಾಹ್ನ ಬಂತು. ಅನ್ನಕ್ಕೆ ಕೈ ಹಾಕುವ ಮೊದಲೇ ಸಾಬರು ಮಗನ ಕಡೆ ತಿರುಗಿ, “ಅವಳ ಆ ಬಿಳಿ ಪೀಡೆಗಳು ಬಂದವು, ನನ್ನ ಕೋಳಿ ಮೊಟ್ಟೆ ಕೊಳೀತು. ಕಾಲ್ಗುಣ ಅಂತಾರಲ್ಲ, ಅದು ಇದೇ,” ಎಂದರು. ರಶೀದ್ ಮಿಲ್ಲಿನಲ್ಲಿ ತಕ್ಕಡಿ ಹಿಡಿದು ಹಿಡಿದು ಮನೆಯಲ್ಲೂ ಯಾವ ಕಡೆಗೂ ವಾಲದ ಮನುಷ್ಯನಾಗಿಬಿಟ್ಟಿದ್ದ. ತಲೆ ತಗ್ಗಿಸಿ ಸಾರು ಕಲಸಿಕೊಂಡ. ಅತ್ತೆ ನೀರಿನ ಚೊಂಬು ಹುಡುಕುವ ನೆಪದಲ್ಲಿ ಎದ್ದರು. ಅಮೀರುನ್ನೀಸಾ ಗಂಡನನ್ನೂ ನೋಡಿದಳು, ಅತ್ತೆಯನ್ನೂ ನೋಡಿದಳು, ಮೈ ಉರಿದುಹೋಯಿತು. ಆ ಉರಿಯಲ್ಲೇ ಸೀದಾ ಹಿತ್ತಲಿಗೆ ಹೋದಳು.

ಮುದಿ ಹೇಂಟೆ ಬರಿಯ ಹೊಟ್ಟಿನ ಮೇಲೆ ರೆಕ್ಕೆ ಹರಡಿ ಇನ್ನೂ ಕಾವಿಗೆ ಕೂತೇ ಇತ್ತು. ಅಮೀರುನ್ನೀಸಾಳ ಪೆಟ್ಟಿಗೆಯಲ್ಲಿ, ತವರಿನಿಂದ ತಂದ ಹಿಂಜಿದ ಹತ್ತಿಯ ನಡುವೆ, ಅತ್ತೆಯ ಸೂಜಿಗೆ ಸಿಗದಂತೆ ಎತ್ತಿಟ್ಟ ಬಿಳಿ ಮೊಟ್ಟೆಗಳಿದ್ದವು. ಅವು ಬರಿಯ ಬಿಳಿ ಕೋಳಿಯವಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು. ಮಾವ ಮಂಡಿಗೆ ಹೋದ ಮೇಲೆ ನವಾಬನ ಕಾಲಿನ ದಾರ ಬಿಚ್ಚಿ ತಡಿಕೆಯ ಬಾಗಿಲು ತೆಗೆಯುವುದು ಎಷ್ಟೋ ದಿನದಿಂದ ಅವಳ ಅಭ್ಯಾಸವಾಗಿತ್ತು. ಮೊದಲು ದಾರ ಕೊರೆದು ಹುಂಜದ ಕಾಲು ಹುಣ್ಣಾಗಿತ್ತೆಂದು ಬಿಚ್ಚಿದಳು. ಆಮೇಲೆ ಯೋಚಿಸಿಯೇ ಬಿಚ್ಚಿದಳು. ಬಿಳಿ ಕೋಳಿ ಮೊಟ್ಟೆ ಕೊಡುತ್ತದೆ, ಬಿಸಿಲಿಗೆ ಬಾಯಿ ಕಳೆದು ಬೀಳುತ್ತದೆ, ಹದ್ದು ಬಂದರೆ ಓಡಲೂ ತಿಳಿಯದು. ಅಸೀಲ್ ಕಲ್ಲಿನಂಥ ಜೀವ, ಮೊಟ್ಟೆಗೆ ಮಾತ್ರ ಜಿಪುಣ. ಇದರಲ್ಲಿಲ್ಲದ್ದು ಅದರಲ್ಲಿದೆ, ಅದರಲ್ಲಿಲ್ಲದ್ದು ಇದರಲ್ಲಿದೆ. ನಡುವೆ ತಡಿಕೆ ಕಟ್ಟಿದವರಿಗೆ ಅದು ಹೊಳೆಯಲಿಲ್ಲವೆಂದರೆ ಅವಳೇನು ಮಾಡಿಯಾಳು!

ಪೆಟ್ಟಿಗೆಯ ಮೊಟ್ಟೆಗಳನ್ನು ಸೆರಗಿನಲ್ಲಿ ತಂದು ಹೇಂಟೆಯ ಹೊಟ್ಟೆಯಡಿಗೆ ಸರಿಸುತ್ತಿದ್ದಾಗ ಬೆನ್ನ ಹಿಂದೆ ಅತ್ತೆ ಬಂದು ನಿಂತಿದ್ದರು.

“ಏನು ಮಾಡ್ತಿದ್ದೀಯ?”

“ಕಾಣಾಕಿಲ್ವಾ?”

“ಕಾಣಲ್ಲ,” ಎಂದರು ಅಖ್ತರ್ ಬೇಗಂ. “ನನಗೆ ಏನೂ ಕಾಣಲ್ಲ.” ಹಾಗೆಂದು ಒಳಗೆ ಹೊರಟುಹೋದರು.

ಮುಂದಿನ ವಾರಗಳಲ್ಲಿ ಮನೆಯ ಕೆಲಸ ಎಂದಿನಂತೆ ನಡೆಯಿತು. ರುಬ್ಬುವುದು, ಸೇದುವುದು, ಒಗೆಯುವುದು, ಜೊತೆಗೆ ಕುಟುಕುವುದು. ಅಮೀರುನ್ನೀಸಾ ಮುದ್ದೆ ಮಾಡಿದರೆ ಸಾಬರು, “ಪಿಂಜಾರರ ಊಟ ಶುರುವಾಯ್ತು,” ಎನ್ನುವರು, ಎರಡು ಮುದ್ದೆ ಉಣ್ಣುವರು. ಹಿತ್ತಲಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಹುಂಜಕ್ಕೆ ಕಾಳು ಹಾಕುವುದನ್ನು ಕೂಡ ಮಗನಿಗೆ ಬಿಟ್ಟಿದ್ದರು. ರಶೀದ್ ಒಂದು ದಿನ ಹೇಂಟೆಯ ಗೂಡಿಗೆ ಬಗ್ಗಿ ನೋಡಿ ಬಂದು ಹೆಂಡತಿಯನ್ನು ಮೂಲೆಗೆ ಕರೆದ.

“ಅಮೀರು, ಅಬ್ಬಾಗೆ ಗೊತ್ತಾದರೆ ಏನು ಗತಿ?”

“ಗೊತ್ತಾಗ್ಲಿ ಅಂತ್ಲೇ ಇಟ್ಟಿರೋದು.”

“ನನ್ನನ್ನ ಇದರಲ್ಲಿ ಸೇರಿಸಬೇಡ.”

“ನೀವು ಯಾವುದರಲ್ಲಿ ಸೇರಿದ್ದೀರಾ ಹೇಳಿ, ಅದರಿಂದ ಬುಟ್ಬುಡ್ತೀನಿ.”

ಒಂದು ಶುಕ್ರವಾರ ಹೊತ್ತೇರಿದ ಮೇಲೆ ಹಿತ್ತಲಿಂದ ಚಿಂವ್ ಚಿಂವ್ ಕೇಳಿಸಿತು. ನಮಾಜಿಗೆ ಹೊರಡಲು ಬಿಳಿ ಅಂಗಿ ತೊಡುತ್ತಿದ್ದ ಸಾಬರು ಒಂದೇ ತೋಳು ಏರಿಸಿಕೊಂಡು ಓಡಿದರು. ಎಲ್ಲೋ ಒಂದು ಮೊಟ್ಟೆ ಉಳಿದಿತ್ತೇ? ದೇವರು ಕಣ್ಣು ಬಿಟ್ಟನೇ? “ಬೇಗಂ, ಬಾ ಇಲ್ಲಿ! ಬದುಕಿತು, ನಮ್ಮ ತಳಿ ಬದುಕಿತು!” ಎಂದು ಕೂಗುತ್ತ ಗೂಡಿನ ಮುಂದೆ ಕೂತವರ ಮುಖ ನೋಡಿ ಅಮೀರುನ್ನೀಸಾಗೆ ಒಂದು ಗಳಿಗೆ ಪಾಪ ಅನ್ನಿಸಿತು. ಅಷ್ಟರಲ್ಲಿ ಹೇಂಟೆ ರೆಕ್ಕೆ ಎತ್ತಿತು. ಕೆಳಗಿಂದ ಮಾಸಲು ಹಳದಿ ಮರಿಗಳು ಹೊರಬಂದವು, ಬೆನ್ನ ಮೇಲೆ ಅಲ್ಲಲ್ಲಿ ಮಸಿ ಚುಕ್ಕೆ, ಕಾಲು ಮಾತ್ರ ನವಾಬನದೇ.

“ಬೆರಕೆ!” ಎಂದರು ಸಾಬರು. “ಯಾರು ಮಾಡಿದ್ದು ಇದನ್ನ?”

“ನಾನು,” ಎಂದಳು ಅಮೀರುನ್ನೀಸಾ.

“ನನ್ನ ಹುಂಜವನ್ನ… ನನ್ನ ಹೇಂಟೆಯ ಹೊಟ್ಟೆ ಕೆಳಗೆ… ರಶೀದ್! ಎಲ್ಲದರ ಕತ್ತು ಮುರಿದು ತಿಪ್ಪೆಗೆ ಹಾಕು.”

ರಶೀದ್ ನಿಂತಲ್ಲೇ ನಿಂತ. ಸಾಬರು ತಾವೇ ಗೂಡಿಗೆ ಕೈ ಹಾಕಿದರು. ಮುದಿ ಹೇಂಟೆ ಕುತ್ತಿಗೆ ಚಾಚಿ ಅವರ ಮುಂಗೈಯನ್ನು ರಕ್ತ ಬರುವಂತೆ ಕುಕ್ಕಿತು.

“ನೋಡಿ ಮಾವ,” ಎಂದಳು ಅಮೀರುನ್ನೀಸಾ. “ನಿಮ್ಮ ಅಸೀಲ್‌ಗೇ ಬೇಕಾಗಿಲ್ಲ ಬೆರಕೆ ಯಾವುದು ಅಂತ. ನಿಮಗ್ಯಾಕೆ?”

“ಬೆರಕೆ ಈ ಮನೇಲಿ ಬೆಳೆಯೋದಿಲ್ಲ!”

“ಬೆಳೀತಾ ಐತೆ,” ಎಂದು ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಗೂಡಿಗೂ ಮಾವನಿಗೂ ನಡುವೆ ಬಂದು ನಿಂತಳು. “ಇವನ್ನ ಮುಟ್ಟೋದಾದ್ರೆ ನನ್ನ ದಾಟ್ಕೊಂಡು ಮುಟ್ಟಿ.”

ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು, ಹಿಂದೆ ಸರಿಯಲಿಲ್ಲ. ಎಷ್ಟೋ ಕಣ ನೋಡಿದ್ದ ಸಾಬರಿಗೆ ಅದು ಕಾಣದೆ ಇರಲಿಲ್ಲ. ಆದರೂ ಕೊನೆಯ ಪೆಟ್ಟು ಹಾಕಿದರು. “ಈಗ ಗೊತ್ತಾಯ್ತು. ನಿನ್ನ ಮೊಟ್ಟೆಗೆ ಜಾಗ ಮಾಡೋದಕ್ಕೆ ನನ್ನ ಮೊಟ್ಟೆ ಕೆಡಿಸಿದೆ. ಮೂರು ತಲೆಮಾರಿನ ಕೆಲಸವನ್ನ ನೀನು ಮುಗಿಸಿದೆ.”

ಅಮೀರುನ್ನೀಸಾ ಸೆರಗನ್ನು ಸೊಂಟಕ್ಕೆ ಬಿಗಿದಳು. ಅತ್ತೆಯ ಕಡೆ ನೋಡಲೂ ಇಲ್ಲ.

“ಅವಳಲ್ಲ,” ಎಂದರು ಅಖ್ತರ್ ಬೇಗಂ.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. “ನಾನು. ಬುಟ್ಟಿ ಯಾವುದು ಅಂತ ಕಾಣಲಿಲ್ಲ. ಎಲ್ಲವನ್ನೂ ನಾನೇ ಚುಚ್ಚಿದೆ. ಇಷ್ಟು ದಿನ ಅವಳು ಬೈಸಿಕೊಂಡಳು, ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ನಿಮ್ಮ ಮನೆ ಸೂಜಿ ನಿಮ್ಮ ಮನೆ ತಳಿಯನ್ನೇ ತಿಂತು, ನೋಡಿ. ಏನು ಮಾಡ್ತೀರೋ ಮಾಡಿ.”

ಸಾಬರು ಹೆಂಡತಿಯನ್ನು ನೋಡಿದರು. ರಕ್ತದ ಕೈಯನ್ನು ಬಿಳಿ ಅಂಗಿಗೇ ಒರೆಸಿಕೊಂಡು, ಖಾಲಿ ತೋಳು ಜೋತಾಡುತ್ತಿದ್ದ ಹಾಗೇ ಬೀದಿಗಿಳಿದು ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ರಶೀದ್ ತಾನಾಗಿ ಎದ್ದು ತಟ್ಟೆಗೆ ಅನ್ನ ಹಾಕಿ, ಮೊದಲು ಅಮ್ಮನಿಗೆ, ಆಮೇಲೆ ಹೆಂಡತಿಗೆ ಕೊಟ್ಟ. ಆ ಮನೆಯಲ್ಲಿ ಗಂಡಸು ಬಡಿಸಿದ್ದು ಅದೇ ಮೊದಲು.

ಆ ಮೇಲೆ ಸಾಬರು ಮಾತು ಬಿಟ್ಟರು. ಮಂಡಿಯಿಂದ ಬಂದು ಉಂಡು ಮಲಗುವರು. ಆದರೆ ಹಿತ್ತಲ ಬಾಗಿಲಿಗೆ ಬಂದು ನಿಲ್ಲುವುದು ಮತ್ತೆ ಶುರುವಾಗಿತ್ತು. ಮರಿಗಳು ರೋಗವಿಲ್ಲದೆ ಬೆಳೆಯುತ್ತಿದ್ದವು. ಒಂದು ಹುಂಜದ ಮರಿ ತನಗಿಂತ ದೊಡ್ಡ ಕಾಗೆಯ ಎದುರು ಕತ್ತಿನ ತುಪ್ಪಳ ಕೆದರಿ ನಿಂತದ್ದನ್ನು ಸಾಬರು ಬಹಳ ಹೊತ್ತು ನೋಡಿದರು. ಯಾರಾದರೂ ನೋಡಿದರೋ ಎಂದು ಆಚೀಚೆ ನೋಡಿ ಒಳಗೆ ಹೋದರು. ಮುದಿ ಹೇಂಟೆ ಮತ್ತೆ ಮೊಟ್ಟೆಯಿಡಲಿಲ್ಲ.

ದಿನ ತುಂಬುತ್ತ ಬಂತು. ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಅಮೀರುನ್ನೀಸಾಳ ತಮ್ಮ ಮಕ್ಬೂಲ್ ಬಲಸಮುದ್ರದಿಂದ ಬಂದ. ಜೊತೆಗೊಂದು ಬಿದಿರು ಬುಟ್ಟಿ, ಅದರ ತುಂಬ ಅಪ್ಪ ಹಿಂಜಿದ ಹೊಸ ಹತ್ತಿ. ಅಕ್ಕ ಹೇಳಿಕಳಿಸಿದ್ದಳು. ಜಟಕಾ ಬಾಗಿಲಿಗೆ ಬಂದು ನಿಂತಾಗ ಅವಳು ನಡುಮನೆಯಲ್ಲಿ ಎಲ್ಲರ ಎದುರಿಗೇ ಕೂತು ಹತ್ತಿಯಲ್ಲಿ ಮೊಟ್ಟೆ ಹುದುಗಿಸುತ್ತಿದ್ದಳು. ಬಿಳಿ ಕೋಳಿ ಇಟ್ಟದ್ದು, ನವಾಬನ ರಕ್ತದ್ದು, ಸೂಜಿ ಮುಟ್ಟದ್ದು.

ಕರೀಮ್ ಸಾಬರು ಹೊಸ್ತಿಲಿಗೆ ಅಡ್ಡ ಬಂದು ನಿಂತರು. ವಾರಗಳ ಮೇಲೆ ಮೊದಲ ಮಾತು.

“ಅದು ಎಲ್ಲಿಗೆ?”

“ನಮ್ಮೂರಿಗೆ. ನಮ್ಮ ಅಕ್ಕಪಕ್ಕದವರು ಕಾವಿಗಿಡ್ತಾರೆ. ಕೇಳಿದೋರಿಗೆಲ್ಲ ಕೊಡ್ತೀನಿ.”

“ಮರಿ ಉಳಿಸಿಕೊಂಡೆ, ಅದು ನಿನ್ನ ಗೆಲುವು. ನಾನು ಏನೂ ಅನ್ನಲಿಲ್ಲ. ಮೊಟ್ಟೆ ಈ ಹೊಸ್ತಿಲು ದಾಟಬೇಕಾದರೆ ಸೂಜಿ ಇಳೀಬೇಕು. ಅದು ನನ್ನ ಅಜ್ಜನ ಮಾತು. ಬೇಗಂ, ಡಬ್ಬಿ ತೆಗೆ.”

ಮಕ್ಬೂಲ್ ಮೆಲ್ಲಗೆ, “ಅಕ್ಕಯ್ಯಾ, ಬುಟ್ಟಿ ಇರಲಿ ಬುಡು, ಬಸ್ಸಿಗೆ ಹೊತ್ತಾಗ್ತೈತೆ,” ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಗೋಡೆಗೆ ಕೈಕೊಟ್ಟು ಎದ್ದು ನಿಂತಳು. ಕಾಲು ಊದಿಕೊಂಡಿದ್ದವು, ಧ್ವನಿ ಮಾತ್ರ ಗಟ್ಟಿಯಾಗಿತ್ತು.

“ಹೊಸ್ತಿಲು ದಾಟ್ತಿರೋದು ಮೊಟ್ಟೆ ಒಂದೇ ಅಲ್ಲ ಮಾವ. ನಿಮ್ಮ ಮನೆ ರಕ್ತ ನನ್ನ ಹೊಟ್ಟೇಲಿ ಕೂತು ಪಿಂಜಾರರ ಮನೆಗೆ ಹೊಂಟೈತೆ. ಅಲ್ಲೇ ಹುಟ್ತೈತೆ, ಅಲ್ಲೀ ಹತ್ತಿ ಮೇಲೇ ಮಲಗ್ತೈತೆ. ಅದಕ್ಕೂ ಸೂಜಿ ಐತಾ ನಿಮ್ಮ ಹತ್ರ? ಇದ್ರೆ ತನ್ನಿ. ಇಲ್ಲಾಂದ್ರೆ ದಾರಿ ಬುಡಿ.”

ಹೊರಗೆ ಜಟಕಾದ ಕುದುರೆ ಕಾಲು ಬದಲಿಸಿತು. ರಶೀದ್ ಅಪ್ಪನ ಪಕ್ಕದಿಂದ ಎರಡು ಹೆಜ್ಜೆ ನಡೆದು ಬಂದು ಹೆಂಡತಿಯ ಪಕ್ಕದಲ್ಲಿ ನಿಂತ.

ಅಖ್ತರ್ ಬೇಗಂ ಸೊಂಟದ ಚೀಲದಿಂದ ಡಬ್ಬಿ ತೆಗೆದರು. ತಡವುತ್ತ ಬಂದು ಬುಟ್ಟಿಯ ಮುಂದೆ ಕುಕ್ಕರಿಸಿದರು. ಅಮೀರುನ್ನೀಸಾ ಅತ್ತೆಯ ಕೈ ಹಿಡಿಯಲು ಬಗ್ಗಿದಳು. ಅತ್ತೆ ಮೊಟ್ಟೆಯನ್ನು ಮುಟ್ಟಲಿಲ್ಲ. ತಮ್ಮ ಹಳೆಯ ದುಪಟ್ಟಾ ತೆಗೆದು ಬುಟ್ಟಿಯ ಬಾಯಿಗೆ ಹಾಸಿದರು, ಅಂಚನ್ನು ಸುತ್ತಲೂ ಬಿಗಿಯಾಗಿ ಎಳೆದರು. ಡಬ್ಬಿಯಿಂದ ಸೂಜಿ ತೆಗೆದು, ದುಪಟ್ಟಾದ ಅಂಚಿನಿಂದ ಒಂದೆಳೆ ಹತ್ತಿ ದಾರ ಕಿತ್ತು, ಎರಡನ್ನೂ ಗಂಡನ ಕಡೆಗೆ ಚಾಚಿದರು.

“ಪೋಣಿಸಿ ಕೊಡಿ,” ಎಂದರು. “ಬಸ್ಸಿನ ಕುಲುಕಿಗೆ ಬಟ್ಟೆ ಬಿಚ್ಚಿಕೊಳ್ಳುತ್ತೆ. ಬುಟ್ಟಿಗೆ ಹೊಲಿಗೆ ಹಾಕಬೇಕು. ನನಗೆ ಕಣ್ಣು ಕಾಣಲ್ಲ.”

ಸಾಬರು ಕದಲಲಿಲ್ಲ. ಅಖ್ತರ್ ಬೇಗಂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಮುದಿ ಕೈಯ ತುದಿಯಲ್ಲಿ ಸೂಜಿ ಹೊಳೆಯುತ್ತಿತ್ತು.

ಕೊನೆಗೆ ಕರೀಮ್ ಸಾಬರು ಹೊಸ್ತಿಲು ಬಿಟ್ಟು ಈಚೆಗೆ ಬಂದರು. ಸೂಜಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದರು. ಅವರ ಕಣ್ಣೂ ಅಷ್ಟಕ್ಕಷ್ಟೇ, ದಾರ ಬಹಳ ಹೊತ್ತು ಅತ್ತಿತ್ತ ಜಾರಿ, ಆಮೇಲೆ ಒಳಗೆ ಹೋಯಿತು. ಸೂಜಿಯನ್ನು ಹೆಂಡತಿಯ ಬೆರಳ ನಡುವೆ ಇಟ್ಟರು. ಅಖ್ತರ್ ಬೇಗಂ ಬೆರಳಲ್ಲೇ ಅಂಚು ಹುಡುಕುತ್ತ ಸುತ್ತಲೂ ಹೊಲಿದರು, ದಾರವನ್ನು ಹಲ್ಲಿನಿಂದ ಕಡಿದರು.

ಅಮೀರುನ್ನೀಸಾ ಬುಟ್ಟಿಯನ್ನು ತಮ್ಮನಿಗೆ ಕೊಡದೆ ತಾನೇ ಎತ್ತಿಕೊಂಡಳು. ಜಟಕಾ ಹತ್ತುವಾಗ ಹಿಂದಿನಿಂದ ಮಾವನ ಗದರಿಕೆ ಕೇಳಿಸಿತು.

“ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ಕೆಳಗಿಡಬೇಡ. ಆ ಊರಿನವರನ್ನ ನಂಬೋ ಹಾಗಿಲ್ಲ.”

“ಕೇಳಿದ್ರೆ ಅವರಿಗೂ ಎರಡು ಕೊಡ್ತೀನಿ,” ಎಂದಳು ಅಮೀರುನ್ನೀಸಾ, ಬುಟ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು.